ನಲ್ಲಿ ಮೂಳೆಯೂ ಮೂಸಂಬಿ ಸಿಪ್ಪೆಯೂ

ಕುರಿಗೆ ಕಾಲು ನಾಲ್ಕಿದ್ದರೂ ಗುಡ್ಡೆ ಬಾಡಿನ ಒಂದು ಪಾಲಿಗೆ ಬರುವ ನಲ್ಲಿ ಮೂಳೆ ಒಂದೇ. ಅದೂ ಬಂದರೆ ಬಂತು. ಯುಗಾದಿಯ ಮಾರನೆಯ ಹೊಸತೊಡಕಿನ ದಿನ ಬೆಳಕು ಹರಿಯುವ ಮೊದಲೇ ಹೊಂಗೆ ಮರದ ಕೆಳಗೆ ಕುರಿ ಕೊಯ್ದು, ಸೊಪ್ಪು ಹಾಸಿ, ಎಲ್ಲರಿಗೂ ಸಮನಾಗಿ ಗುಡ್ಡೆ ಹಾಕಿ ಹಂಚುವ ನಮ್ಮ ಕಡೆಯ ಪದ್ಧತಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿಳಿಯದವರಿಗೆ ಇಷ್ಟು ಸಾಕು: ಆ ಮೂಳೆಯನ್ನು ತಟ್ಟೆಗೆ ಬಡಿದು, ಬಾಯಿಟ್ಟು, ಒಳಗಿನ ಮಜ್ಜೆಯನ್ನು ಸುರ್ರ್ ಅಂತ ಹೀರುವ ಅಧಿಕಾರ ಯಾರದೋ ಅವನೇ ಆ ಮನೆಯ ದೊಡ್ಡ ಅಳಿಯ.

ನಮ್ಮ ಪಕ್ಕದ ಮನೆಯ ಮಂಟೇಲಿಂಗಯ್ಯನಿಗೆ ಬಂಡೂರು ಮಾವನ ಮನೆ. ಕುರಿಗೆ ಹೆಸರಾದ ಊರಿಂದ ಹೆಣ್ಣು ತಂದವನು ಅಂತ ಮದುವೆಯಾದಾಗಿನಿಂದ ಅವನಿಗೊಂದು ಗತ್ತು. ಮಾವ ಕೆಂಪಸಿದ್ದಯ್ಯ ರಿಟೈರಾದ ಮೇಷ್ಟ್ರು. ಗೋಡೆಯ ಮೇಲೆ ಬುದ್ಧನ ಪಟ ಹಾಕಿಕೊಂಡು, ಆಸೆಯೇ ದುಃಖಕ್ಕೆ ಮೂಲ ಅಂತ ಬಂದವರಿಗೆಲ್ಲ ಬುದ್ಧಿ ಹೇಳಿ, ಬಾಡೂಟದ ದಿನ ಮಾತ್ರ ಅಡಿಗೆಮನೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂರುವ ಮನುಷ್ಯ. ಅತ್ತೆ ಪಟ್ಟಲಮ್ಮ ಬಡಿಸಲು ಬಂದರೆ ಸೌಟು ಮೊದಲು ಮಂಟೇಲಿಂಗಯ್ಯನ ತಟ್ಟೆಗೆ ಬಾಗಬೇಕು, ಮೂಳೆ ಟಣ್ ಅಂತ ಬೀಳಬೇಕು, "ತಿನ್ನಪ್ಪ ದೊಡ್ಡಳಿಯ" ಅನ್ನಬೇಕು. ವರ್ಷಗಟ್ಟಲೆ ನಡೆದುಬಂದ ಕಾನೂನು. ಎಲ್ಲೂ ಬರೆದಿಟ್ಟಿರಲಿಲ್ಲ, ಅದೇ ತಪ್ಪಾಗಿದ್ದು.

ಈ ಸಲದ ಹೊಸತೊಡಕಿಗೆ ಸೌಟು ಬಂತು. ಬಾಗಲಿಲ್ಲ. ಮಂಟೇಲಿಂಗಯ್ಯನ ಮೂಗಿನ ಮುಂದೆಯೇ ಹಾದು, ಪಕ್ಕದಲ್ಲಿ ಕೂತಿದ್ದ ಷಡ್ಡಕ ಶಿವರಾಜುವಿನ ತಟ್ಟೆಗೆ ಟಣ್ ಅಂತ ಇಳಿಯಿತು.

"ತಿನ್ನಪ್ಪ ಶಿವ್ರಾಜು. ಇವತ್ತು ಸಾರು ಗಮ್ ಅಂತಿರಾದು ನಿನ್ನ ಪುಡೀಲೇ ಕಣಪ್ಪ" ಅಂದರು ಪಟ್ಟಲಮ್ಮ.

ಈ ಶಿವರಾಜು ಯಾರು? ನಾದಿನಿ ಪ್ರಿಯಾಂಕಳ ಗಂಡ. ಮದ್ದೂರಿನಲ್ಲಿ ವಡೆ ತಿಂದು ಬಾಯಿ ಖಾರವಾದವರಿಗೆ ಮೂಸಂಬಿ ಜ್ಯೂಸು ಹಿಂಡಿಕೊಡುವವನು. ಅವನ ಅಂಗಡಿಯ ಹಿಂದೆ ಸಿಪ್ಪೆ ಬೆಟ್ಟದಂತೆ ಬಿದ್ದು, ನೊಣ ಮುತ್ತಿ, ಪುರಸಭೆಯವರು ದಂಡ ಹಾಕಿ ಹೋಗುತ್ತಿದ್ದ ಕಾಲದಲ್ಲಿ ಮಂಟೇಲಿಂಗಯ್ಯನಿಗೆ ಅವನ ಮೇಲೆ ಬಲು ಪ್ರೀತಿ ಇತ್ತು. "ಪಾಪ, ಒಳ್ಳೆ ಹುಡುಗ" ಅನ್ನುತ್ತಿದ್ದ. ಆಮೇಲೆ ಗಂಡ ಹೆಂಡತಿ ಮಂಡ್ಯದಲ್ಲಿ ಎಂಥದೋ ತರಬೇತಿಗೆ ಹೋಗಿಬಂದರು. ಅದೇ ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಿ ಬಾಡಿನ ಮಸಾಲೆಗೆ, ಗೊಜ್ಜಿಗೆ ಅಂತ ಪೊಟ್ಟಣ ಕಟ್ಟಿದರು. ಸಣ್ಣಗೆ ಹೆಚ್ಚಿ ಸಕ್ಕರೆ ಪಾಕದಲ್ಲಿ ಅದ್ದಿ, ಬನ್ನಿನೊಳಗೆ ಕೆಂಪು ಹಸಿರು ತುಣುಕು ಇರುತ್ತಲ್ಲ, ಅದನ್ನು ಮಾಡಿ ಬೇಕರಿಗಳಿಗೆ ಕೊಟ್ಟರು. ಪೇಪರಿನಲ್ಲಿ ಫೋಟೋ ಬಂತು. ಮಾವ ಅದನ್ನು ಕತ್ತರಿಸಿ ಬುದ್ಧನ ಪಟದ ಕೆಳಗೇ ಅಂಟಿಸಿದರು.

"ಕಸದಿಂದ ರಸ ಅಂತ ಬರ್ದವ್ರೆ, ಓದ್ದಾ ಮಂಟೇಲಿಂಗಪ್ಪ?" ಅಂತ ಕೇಳಿದರು ಮಾವ, ಊಟದ ನಡುವೆ.

"ಸಿಪ್ಪೆ ತಾನೆ ಬುಡಿ ಮಾವ."

"ಸಿಪ್ಪೆ ತಾನೆ ಅಂತೀಯಲ್ಲ, ನೀನೇನ್ ಮಾಡಿದ್ದೀಯಪ್ಪ?"

ಶಿವರಾಜು ಅಷ್ಟರಲ್ಲಿ ಮೂಳೆಗೆ ಬಾಯಿಟ್ಟು ಸುರ್ರ್ ಅಂತ ಹೀರಿದ. ಆ ಸದ್ದು ಕೇಳಿ ಮಂಟೇಲಿಂಗಯ್ಯನ ಹೊಟ್ಟೆಯಲ್ಲಿ ಒಲೆ ಹತ್ತಿಕೊಂಡಿತು. ದುಃಖಕ್ಕೆ ಅವನು ಅವತ್ತು ಮೂರೇ ಮುದ್ದೆ ಉಂಡನಂತೆ. ಇದನ್ನೆಲ್ಲ ಅವನ ಹೆಂಡತಿ ಶೋಭಿತಾ ಬೇಲಿಯ ಮೇಲೆ ಕೈಯಿಟ್ಟುಕೊಂಡು ನನ್ನ ಹೆಂಡತಿಗೆ ಹೇಳಿದಳು, ನನ್ನ ಹೆಂಡತಿ ನನಗೆ ಹೇಳಿದಳು, ನಾನು ನಿಮಗಷ್ಟೇ ಹೇಳುತ್ತಿದ್ದೇನೆ.

ಮಂಟೇಲಿಂಗಯ್ಯ ಏನೂ ಕಡಿಮೆ ಆಸಾಮಿ ಅಲ್ಲ. ಕಿರುಗಾವಲಿನಿಂದ ಒಳಕ್ಕೆ ಬಂದರೆ ಸಿಗುವ ನಮ್ಮ ಹುಣಸೆಕೊಪ್ಪಲಿನ ಹಾಲಿನ ಡೈರಿಯಲ್ಲಿ ಅವನೇ ಟೆಸ್ಟರು. ಕಿಟಕಿಯ ಆಚೆ ಕ್ಯಾನು ಹಿಡಿದು ನಾವೆಲ್ಲ ಸಾಲಾಗಿ ನಿಂತರೆ, ಕಿಟಕಿಯ ಈಚೆ ಅವನು ಕುರ್ಚಿಯ ಮೇಲೆ. ನಮ್ಮ ಹಾಲನ್ನು ಮಿಷನ್ನಿಗೆ ಹಿಡಿದು, ಕೊಬ್ಬು ಎಷ್ಟಿದೆ ಅಂತ ನೋಡಿ, "ಫ್ಯಾಟು ಮೂರೂವರೆ" ಅಂತ ಕೂಗಿದರೆ ಮುಗಿಯಿತು. ಹಾಲಿನ ದುಡ್ಡು ಆ ಕೂಗಿನ ಮೇಲೆ. ಹಾಗಾಗಿ ನಮ್ಮ ಕೊಪ್ಪಲಿನಲ್ಲಿ ಅವನನ್ನು ಕಂಡು ನಗದೆ ಹೋಗುವ ಹೆಂಗಸಿಲ್ಲ.

ಬಂಡೂರಿನಿಂದ ಬಂದ ಸಂಜೆಯೇ ಗಂಡ ಹೆಂಡತಿಗೆ ಜಗಳ. ಗೋಡೆ ಒಂದೇ ಆದ್ದರಿಂದ ನಮಗೆ ಕಿವಿ ಇಡುವ ಕಷ್ಟವೂ ಇರಲಿಲ್ಲ.

"ಒಂದು ಮೂಳೆಗೆ ಇಷ್ಟು ಉರ್ಕತೀಯಲ್ಲ, ನಾಳೀಕೆ ಕಿರುಗಾವಲಿಂದ ತತ್ತಾ, ನಾನೇ ಬೇಯ್ಸಿ ಇಕ್ತೀನಿ, ಸುಮ್ಕಿರು."

"ಅಂಗಡಿ ಮೂಳೆ ಯಾವನಿಗೆ ಬೇಕು? ಮಾವನ ಮನೆ ಮೂಳೆ ಬೇಕು. ನಾನೂ ಪುಡಿ ಮಾಡ್ತೀನಿ. ಅತ್ತೆ ಬಾಯಲ್ಲೇ ದೊಡ್ಡಳಿಯ ಅನ್ಸಿಲ್ಲ ಅಂದ್ರೆ ಕೇಳು."

"ಅಂಗಾದ್ರೆ ಪ್ರಿಯಾಂಕಂಗೆ ಫೋನ್ ಆಕ್ಲಾ? ಎಂಗೆ ಮಾಡಾದು ಅಂತ ಕೇಳ್ತೀನಿ."

"ಕೇಳಿದ್ರೆ ನೋಡು ಮತ್ತೆ! ಆಲಿಗೆ ಒಂದ್ ಲೋಟ ನೀರು ಬೆರೆಸಿದ್ರೂ ಮೂಸೇ ಕಂಡಿಡಿಯೋನು ನಾನು. ಸಿಪ್ಪೆ ಒಣಗ್ಸಕ್ಕೆ ಜ್ಯೂಸ್ನೋನ್ನ ಕೇಳ್ಬೇಕಾ?"

ಮಾರನೆಯ ಬೆಳಿಗ್ಗೆ ಕಿಟಕಿಯಲ್ಲಿ ಕೂತು, ಹಾಲು ಹಾಕಲು ಬಂದವರಿಗೆಲ್ಲ ಹೇಳಿದ: "ನಿಂಬೆಅಣ್ಣು, ಮೂಸಂಬಿ, ಕಿತ್ಲೆ, ಏನ್ ತಿಂದ್ರೂ ಸಿಪ್ಪೆ ಎಸೀಬ್ಯಾಡಿ. ನಂಗೆ ತಂದ್ಕೊಡಿ."

"ಯಾಕಪ್ಪ ಟೆಸ್ಟ್ರೇ?" ಅಂದಳು ಹೊಂಬಾಳಮ್ಮ. ಎರಡು ಸೀಮೆ ಹಸು, ಒಂದು ದೊಡ್ಡ ಬಾಯಿ, ಇಷ್ಟು ಅವಳ ಆಸ್ತಿ.

ಪುಡಿ ಮಾಡುತ್ತೇನೆ ಅಂದರೆ ಸುದ್ದಿ ಮದ್ದೂರಿಗೆ ಹೋಗುತ್ತದೆ, ಶಿವರಾಜು ನಗುತ್ತಾನೆ ಅನ್ನುವ ಭಯ ಅವನಿಗೆ. ಗಂಟಲು ತಗ್ಗಿಸಿದ. "ಯಾಕೆ ಅಂತ ಕೇಳಬ್ಯಾಡ ಕಣಮ್ಮ. ತಂದ್ಕೊಡು, ಒಳ್ಳೇದಾಯ್ತದೆ."

ಕಿಟಕಿಯ ಹಿಂದೆ ಕೂತ ಮನುಷ್ಯ ಗಂಟಲು ತಗ್ಗಿಸಿ, ತಂದುಕೊಡು ಒಳ್ಳೆಯದಾಗುತ್ತದೆ ಅಂದರೆ ಏನರ್ಥ ಅಂತ ನಮ್ಮ ಜನಕ್ಕೆ ಹೇಳಿಕೊಡಬೇಕೇ? ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿ ಹತ್ತಿ ಕಲಿತ ವಿದ್ಯೆ ಅದು. ಹೊಂಬಾಳಮ್ಮನ ಮನೆಯಲ್ಲಿ ಮಗನಿಗೆ ಜ್ವರ ಅಂತ ನೆಂಟರು ತಂದಿದ್ದ ಮೂಸಂಬಿ ಇತ್ತು. ಮಗನಿಗೆ ಬೇಕೋ ಬೇಡವೋ ಕೇಳದೆ ಎಲ್ಲ ಸುಲಿದು, ಸಂಜೆಗೆ ಸಿಪ್ಪೆಯ ಚೀಲ ಕಿಟಕಿಯೊಳಗೆ ತಳ್ಳಿದಳು.

ಅವತ್ತು ಅವಳ ಹಾಲಿನ ಫ್ಯಾಟು ನಾಲ್ಕೂವರೆ.

ಮೂರೂವರೆ ದಾಟದ ಹಾಲು! ಹೊಂಬಾಳಮ್ಮ ಚೀಟಿ ಎತ್ತಿ ಹಿಡಿದು ಬೀದಿಯುದ್ದಕ್ಕೂ ನಡೆದಳು. ಅದೇ ದಿನ ಬೆಳಿಗ್ಗೆ ಊರಿನ ಬೋರ್‌ವೆಲ್ಲಿನ ಮೋಟರು ಸುಟ್ಟುಹೋಗಿ, ಕೊಳಾಯಿ ನಿಂತು, ಮನೆಗೆ ಎರಡೆರಡು ಬಿಂದಿಗೆಯಂತೆ ಟ್ಯಾಂಕರಿನ ನೀರು ಹಂಚಿದ್ದರು. ಕುಡಿಯುವುದಕ್ಕೇ ನೀರಿಲ್ಲದಾಗ ಬೇರೆ ಯಾತಕ್ಕೂ ಸುರಿಯಲು ಎಲ್ಲಿಂದ ಬರಬೇಕು? ಆದರೆ ಈ ಎರಡು ಸಂಗತಿಯನ್ನು ಒಂದಕ್ಕೊಂದು ಸೇರಿಸಿ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಎಲ್ಲರ ಕಣ್ಣೂ ಹೊಂಬಾಳಮ್ಮನ ಚೀಟಿಯ ಮೇಲೆ.

ಅಲ್ಲಿಂದ ಶುರುವಾಯಿತು ನೋಡಿ. ಸಿಪ್ಪೆ ತಂದವರ ಫ್ಯಾಟೆಲ್ಲ ಏರಿತು. ತರದವರದೂ ಏರಿತ್ತು, ಆದರೆ ಅವರು ಪಕ್ಕದವರ ಚೀಟಿ ನೋಡಿ ಉರಿದುಕೊಳ್ಳುವುದರಲ್ಲಿ ತಮ್ಮದನ್ನು ನೋಡಿಕೊಳ್ಳಲಿಲ್ಲ. ಹಬ್ಬಕ್ಕೂ ಒಂದು ಕಿತ್ತಳೆ ಕೊಳ್ಳದವರು ಕೆಜಿಗಟ್ಟಲೆ ಮೂಸಂಬಿ ತಂದರು. ಕಿರುಗಾವಲಿನ ಹಣ್ಣಿನ ಗಾಡಿಯವನು, "ಕೊಪ್ಪಲಿಗೆ ಏನ್ ಕಾಯ್ಲೆ ಬಂದದೆ?" ಅಂತ ಕೇಳಿದ. ಆ ಮಾತು ಆಶಾ ಕಾರ್ಯಕರ್ತೆ ವೀಣಳ ಕಿವಿಗೆ ಬಿದ್ದು ಅವಳು ಮನೆಮನೆಗೆ ಬಂದು ಜ್ವರ ನೋಡಿಕೊಂಡು ಹೋದಳು. ನನ್ನ ಹೆಂಡತಿ ನನಗೆ ಬೆಳಿಗ್ಗೆ ಸಂಜೆ ನಿಂಬೆಹಣ್ಣಿನ ಪಾನಕ ಕುಡಿಸಿ ಕುಡಿಸಿ ಹಲ್ಲೆಲ್ಲ ಜುಮ್ಮೆನ್ನುವ ಹಾಗೆ ಮಾಡಿದಳು.

ಮಂಟೇಲಿಂಗಯ್ಯನಿಗೆ ಇದರ ಗಾಳಿಗಂಧವೂ ಇಲ್ಲ. "ಜನ ನನ್ ಮ್ಯಾಲೆ ಎಷ್ಟು ಪ್ರಾಣ ಮಡಗವ್ರೆ ನೋಡಮ್ಮೀ" ಅಂತ ಶೋಭಿತಾಳ ಮುಂದೆ ಕಣ್ಣಲ್ಲಿ ನೀರು ಹಾಕಿಕೊಂಡನಂತೆ. ಬಂದ ಸಿಪ್ಪೆಯನ್ನು ಬಿಳಿ ತಿರುಳು ಸಮೇತ ಡೈರಿಯ ತಾರಸಿ ಮೇಲೆ ಹರವಿ, ಬಿಸಿಲಿಗೆ ಕಾಯಿಸಿ, ಮಿಕ್ಸಿಗೆ ಹಾಕಿ ತಿರುವಿದ. ಮಿಕ್ಸಿ ಹೊಗೆಯಾಡಿ ನಿಂತಿತು. ಪುಡಿ ಮಾತ್ರ ಬಂತು. ಸಾರಿಗೆ ಹಾಕಿದ. ಶೋಭಿತಾ ಒಂದು ತುತ್ತು ಬಾಯಿಗಿಟ್ಟು, "ಇದಕ್ಕಿಂತ ಬೇವಿನ ಸೊಪ್ಪು ವಾಸಿ ಕಣಪ್ಪ" ಅಂದಳು. ಅವನ ಮನೆ ನಾಯಿ ಆ ಸಾರನ್ನು ಮೂಸಿ ನೋಡಿ ನಮ್ಮ ಮನೆ ಜಗಲಿಗೆ ಬಂದು ಮಲಗಿತು.

"ಮೊದಮೊದ್ಲು ಅಂಗೇಯ. ನಾಲ್ಗೆಗೆ ಒಗ್ಗಬೇಕು" ಅಂದ ಮಂಟೇಲಿಂಗಯ್ಯ, ಮತ್ತು ತಟ್ಟೆ ಖಾಲಿ ಮಾಡಿದ. ಹೊಟ್ಟೆಕಿಚ್ಚಿನವನಿಗೆ ಕಹಿ ಗೊತ್ತಾಗುವುದಿಲ್ಲ ಅನ್ನುವುದು ಸುಳ್ಳಲ್ಲ.

ಇಷ್ಟರಲ್ಲಿ ಕರಿಯಯ್ಯ ರಂಗಕ್ಕೆ ಬಂದ. ಕರಿಯಯ್ಯನದು ಎಮ್ಮೆ. ಎಮ್ಮೆ ಹಾಲಿಗೆ ಎಲ್ಲರಿಗಿಂತ ಹೆಚ್ಚು ಫ್ಯಾಟು ಬರಬೇಕು, ಹೊಂಬಾಳಮ್ಮನ ಹಸು ತನ್ನ ಎಮ್ಮೆಯ ಹತ್ತಿರಕ್ಕೆ ಬಂದುಬಿಟ್ಟಿದೆ ಅನ್ನುವ ನೋವು ಅವನಿಗೆ. ಯೋಚಿಸಿದ. ನಿಂಬೆ ಸಿಪ್ಪೆ ತೆಳು, ಮೂಸಂಬಿ ಸಿಪ್ಪೆ ಸ್ವಲ್ಪ ದಪ್ಪ, ಹಾಗಾದರೆ ಚಕ್ಕೋತದ ಸಿಪ್ಪೆ? ಬೆಳಕವಾಡಿಯ ನೆಂಟರ ತೋಟಕ್ಕೆ ಬಸ್ಸಿನಲ್ಲಿ ಹೋಗಿ, ಅಂಗೈ ದಪ್ಪದ ಚಕ್ಕೋತದ ಸಿಪ್ಪೆ ಒಂದು ಗೋಣಿಚೀಲ ಹೊತ್ತು ತಂದು ಕಿಟಕಿಗೆ ಒರಗಿಸಿದ. "ಸಿಪ್ಪೆ ದಪ್ಪ ನೋಡ್ಕಂಡು ಬರೀಪ್ಪ" ಅಂತ ಕಣ್ಣು ಮಿಟುಕಿಸಿದ. ಮಂಟೇಲಿಂಗಯ್ಯನೂ ಸುಮ್ಮನೆ ಮಿಟುಕಿಸಿದ.

ಹಣೆಬರಹ ನೋಡಿ. ಅವತ್ತು ಮಧ್ಯಾಹ್ನವೇ ಮೋಟರು ರಿಪೇರಿಯಾಗಿ ಕೊಳಾಯಿಯಲ್ಲಿ ನೀರು ಬಂದಿತ್ತು. ಸಂಜೆಗೆ ಎಲ್ಲರ ಫ್ಯಾಟೂ ಇಳಿಯಿತು. ಕರಿಯಯ್ಯನ ಎಮ್ಮೆಯದು ಪಾತಾಳಕ್ಕೆ ಇಳಿಯಿತು.

"ಊದಿದ್ರೆ ಆರೋಗೋ ಮೂಸಂಬಿ ಸಿಪ್ಪೆಗೆ ನಾಲ್ಕೂವರೆ, ನನ್ ಚಕ್ಕೋತಕ್ಕೆ ಮೂರಾ? ತಕ್ಕಳದು ತಕ್ಕಂಡು ಕೆಲ್ಸ ಮಾಡ್ಕೊಡ್ದೆ ಓದ್ರೆ ಅದು ಮೋಸ ಅಲ್ವಾ?" ಅಂತ ಕರಿಯಯ್ಯ ಅರಳಿಕಟ್ಟೆಯ ಮೇಲೆ ನಿಂತು ಕೂಗಾಡಿ, ಅಲ್ಲಿಂದಲೇ ಮಂಡ್ಯದ ಮೇಲಾಫೀಸಿಗೆ ಫೋನು ಮಾಡಿದ. ಲಂಚ ತಗೊಂಡ ಅಂತ ಅವನ ದೂರಲ್ಲ. ತಗೊಂಡೂ ಮಾಡಿಕೊಡಲಿಲ್ಲ ಅಂತ.

ಎರಡು ದಿನಕ್ಕೆ ಜೀಪು ಬಂತು. ಇಳಿದವರು ಅರುಂಧತಿ ಮೇಡಂ, ವಿಚಾರಣೆಯ ಅಧಿಕಾರಿ. ಡೈರಿಯ ಮೇಲೆ ಹತ್ತಿ ನೋಡಿದರೆ ಅಷ್ಟಗಲ ಸಿಪ್ಪೆ, ಮೂಲೆಯಲ್ಲಿ ಚಕ್ಕೋತದ ಗೋಣಿಚೀಲ. ಕೆಳಗೆ ಊರಿಗೆ ಊರೇ ಸೇರಿತ್ತು, ನಾನೂ ಇದ್ದೆ.

"ಏನ್ರೀ ಮಂಟೇಲಿಂಗಯ್ಯ, ಲಂಚಕ್ಕೆ ಕೋಳಿ ತಗೊಳ್ಳೋರನ್ನ ನೋಡಿದ್ದೀನಿ, ಬಾಳೆಗೊನೆ ತಗೊಳ್ಳೋರನ್ನ ನೋಡಿದ್ದೀನಿ. ಹಣ್ಣು ಬಿಟ್ಟು ಸಿಪ್ಪೆ ತಗೊಂಡೋರನ್ನ ನಿಮ್ಮನ್ನೇ ನೋಡಿದ್ದು" ಅಂದರು ಮೇಡಂ.

ಲಂಚ ಅನ್ನುವ ಮಾತು ಆಗ ಮೊದಲ ಸಲ ಮಂಟೇಲಿಂಗಯ್ಯನ ಕಿವಿಗೆ ಬಿದ್ದಿದ್ದು. ಮುಖ ಹಾಲಿಗಿಂತ ಬೆಳ್ಳಗಾಯಿತು. ಕಿಟಕಿ ಹೋದರೆ ಕುರ್ಚಿ ಹೋಯಿತು. ಕುರ್ಚಿ ಹೋದರೆ ಬಂಡೂರಿನಲ್ಲಿ ನಲ್ಲಿ ಮೂಳೆ ಹಾಗಿರಲಿ, ಸಾರಿನ ಜೊತೆ ಒಂದು ಮೂಳೆ ಚೂರೂ ಸಿಗುವುದಿಲ್ಲ.

"ಲಂಚ ಅಲ್ಲ ಮೇಡಂ, ಅಡಿಗೆಗೆ! ಪುಡಿ ಮಾಡಕ್ಕೆ! ಸಾರಿಗೆ ಆಕಕ್ಕೆ!" ಅಂದವನೇ ಓಡಿಹೋಗಿ ಬಾಟಲಿ ತಂದ.

ಮೇಡಂ ಬೆರಳ ತುದಿಯಲ್ಲಿ ಚಿಟಿಕೆ ತೆಗೆದು ನಾಲಿಗೆಗಿಟ್ಟರು. ಕನ್ನಡಕ ತೆಗೆದರು. ಕಣ್ಣೊರೆಸಿಕೊಂಡರು. ಒಂದು ಕೈಯಲ್ಲಿ ಗಂಟಲು ಹಿಡಿದು ಇನ್ನೊಂದು ಕೈಯಲ್ಲಿ ನೀರು ನೀರು ಅಂತ ಸನ್ನೆ ಮಾಡಿದರು. ಮುಂದೆ ನಿಂತಿದ್ದ ಕರಿಯಯ್ಯ ಉಪಕಾರ ಮಾಡುವ ಭರದಲ್ಲಿ, "ನೀರ್ಯಾಕೆ ಮೇಡಂ, ಎಮ್ಮೆ ಆಲೇ ಕುಡೀರಿ" ಅಂತ ತನ್ನ ಕ್ಯಾನಿನಿಂದ ಲೋಟಕ್ಕೆ ಬಗ್ಗಿಸಿ ಕೊಟ್ಟ.

ಮೇಡಂ ಗಟಗಟ ಕುಡಿದರು. ಉಸಿರು ಬಿಟ್ಟರು. "ಥ್ಯಾಂಕ್ಸ್. ನೀರು ತಣ್ಣಗಿದೆ" ಅಂದರು.

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

"ಈ ಪುಡೀನ ದೆವ್ವಾನೂ ತಿನ್ನಲ್ಲ. ಅಡಿಗೆಗೆ ಅಂತ ಯಾರಿಗ್ರೀ ಕಥೆ ಹೇಳ್ತೀರಿ? ನಿಮ್ಮನ್ನ ಈ ಕೆಲಸದಿಂದ..." ಅಂತ ಮೇಡಂ ಶುರುಮಾಡುವಷ್ಟರಲ್ಲಿ ಬೈಕು ಬಂದು ನಿಂತಿತು. ಮುಂದೆ ಶಿವರಾಜು, ಹಿಂದೆ ಮಾವ ಕೆಂಪಸಿದ್ದಯ್ಯ. ಜೀಪು ಊರೊಳಕ್ಕೆ ಬರುತ್ತಲೇ ಶೋಭಿತಾ ಅವತ್ತು ಶಿವರಾಜುವಿನ ಜೊತೆ ಬಂಡೂರಿಗೆ ಬಂದಿದ್ದ ತಂಗಿಗೆ ಫೋನು ಮಾಡಿದ್ದಳು, ಗಂಡನ ಅಪ್ಪಣೆಯನ್ನು ಗಾಳಿಗೆ ತೂರಿ.

ಶಿವರಾಜು ಬೆವರೊರೆಸಿಕೊಳ್ಳದೆ ನೇರ ಮೇಡಂ ಮುಂದೆ ಬಂದ. "ಮೇಡಂ, ಈ ಸಿಪ್ಪೆ ನಂದು. ಅಣ್ಣ ನಂಗೋಸ್ಕರ ಕೂಡಾಕ್ತಿದ್ರು. ಮದ್ದೂರಲ್ಲಿ ನಮ್ದು ಸಿಪ್ಪೆ ಪುಡಿ ಕೆಲ್ಸ. ಒಳಗಿನ ಬಿಳೀದು ಕೆರೆದು, ಉಪ್ಪುನೀರಲ್ಲಿ ನೆನೆಸಿ, ಕುದಿಸಿ ಕುದಿಸಿ ನೀರು ಚೆಲ್ಲಿದ್ರೆ ಕಹಿ ಓಯ್ತದೆ. ಆ ಕೆಲ್ಸ ನಾವು ಮಾಡಾದು. ಅಣ್ಣ ಸುಮ್ನೆ ಆಸೆಗೆ ಒಂಚೂರು ತಿರುವಿ ನೋಡವ್ರೆ, ಅಷ್ಟೇಯ." ಜೇಬಿನಿಂದ ತನ್ನ ಪೊಟ್ಟಣ ತೆಗೆದು ಒಡೆದ. ಡೈರಿಯ ಮುಂದೆ ಗಮ್ ಅಂತ ಹರಡಿತು. ಮೇಡಂ ಹೆದರಿ ಹೆದರಿ ಚಿಟಿಕೆ ಬಾಯಿಗಿಟ್ಟರು, ಆಮೇಲೆ ಇನ್ನೊಂದು ಚಿಟಿಕೆ ಹೆದರದೆ ಇಟ್ಟರು.

ಅಲ್ಲಿಗೆ ಎಲ್ಲ ಸರಿಹೋಗುತ್ತಿತ್ತು. ಹೊಂಬಾಳಮ್ಮ ಬಿಡಬೇಕಲ್ಲ. "ಅಲ್ಲಾ ಕಣಪ್ಪ, ಸಿಪ್ಪೆ ಮದ್ದೂರಿಗೆ ಓಗದಾದ್ರೆ ನನ್ ಫ್ಯಾಟು ನಾಲ್ಕೂವರೆ ಎಂಗಾಯ್ತು? ಯಾಮಾರಿಸಬ್ಯಾಡ!"

"ಊಂ ಕಣಪ್ಪ, ಎಂಗಾಯ್ತು ಏಳು!" ಅಂತ ಗುಂಪೆಲ್ಲ ಕೂಗಿತು.

ಮಂಟೇಲಿಂಗಯ್ಯನಿಗೆ ಹೊಸತೊಡಕಿನಿಂದ ತಡೆದುಕೊಂಡದ್ದೆಲ್ಲ ಒಟ್ಟಿಗೆ ಬಂತು. ಎಲ್ಲರೆದುರು ತನ್ನನ್ನು ಉಳಿಸಿದ್ದು ಬೇರೆ ಯಾರೂ ಅಲ್ಲ, ಅದೇ ಶಿವರಾಜು! ಕಿಟಕಿಯ ಸರಳು ಹಿಡಿದು ಕಿರುಚಿದ: "ಕೊಳಾಯೀಲಿ ನೀರಿರ್ಲಿಲ್ಲ ಕಣಮ್ಮ ಆಗ! ಆಲಿಗೆ ಊಯ್ಯಕ್ಕೆ ನಿಂಗೆ ನೀರಿರ್ಲಿಲ್ಲ! ನಿಂಗೂ ಇರ್ಲಿಲ್ಲ, ಕರಿಯಯ್ಯಂಗೂ ಇರ್ಲಿಲ್ಲ, ಇಲ್ ನಿಂತಿರೋ ಒಬ್ಬರ್ಗೂ ಇರ್ಲಿಲ್ಲ!"

ಮೇಡಂ ನಿಧಾನವಾಗಿ ಕೈಯಲ್ಲಿದ್ದ ಲೋಟ ನೋಡಿದರು, ಆಮೇಲೆ ಕರಿಯಯ್ಯನನ್ನು ನೋಡಿದರು. "ಯಾರ್ಯಾರು ನೀರು ಹಾಕಿದ್ರಿ?" ಅಂದರು.

ಹೊಂಬಾಳಮ್ಮನಿಗೆ ಹಸುವಿಗೆ ಹುಲ್ಲು ಹಾಕಿಲ್ಲದ್ದು ನೆನಪಾಯಿತು. ಕರಿಯಯ್ಯ, "ನಂದೇನೂ ದೂರಿಲ್ಲ ಮೇಡಂ, ಟೆಸ್ಟರು ದೇವ್ರಂಥೋರು" ಅಂತ ಹೇಳುತ್ತ ಹೇಳುತ್ತಲೇ ಬೀದಿಯ ತಿರುವು ದಾಟಿದ. ನನ್ನ ಹೆಂಡತಿ ನನ್ನ ತೋಳು ಚಿವುಟಿದಳು, ನನಗೂ ಮನೆಯಲ್ಲಿ ಏನೋ ಕೆಲಸವಿದೆ ಅನ್ನಿಸಿತು. ನಾವು ಬೇಲಿಯ ಸಂದಿಯಿಂದ ನೋಡಿದಾಗ ಅಲ್ಲಿ ಉಳಿದಿದ್ದವರು ಮೇಡಂ, ಮಾವ ಮತ್ತು ಇಬ್ಬರು ಅಳಿಯಂದಿರು ಮಾತ್ರ.

"ದೂರು ಕೊಟ್ಟೋರೇ ಓಡಿಹೋದ್ರು, ನಾನೇನು ಬರೀಲಿ? ನಾಳೆಯಿಂದ ಹಾಲು ಮಾತ್ರ ತಗೊಳ್ಳಿ" ಅಂದರು ಮೇಡಂ. ಹೊರಡುವಾಗ ಒಂದು ಮಾತು ಸೇರಿಸಿದರು: "ಇಂಥ ಷಡ್ಡಕ ಸಿಗೋಕೆ ಪುಣ್ಯ ಮಾಡಿದ್ರಿ ಕಣ್ರೀ."

ಕೆಲಸ ಹೋಗಿದ್ದರೂ ಮಂಟೇಲಿಂಗಯ್ಯನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಮೇಡಂ ಸಾಲದ್ದಕ್ಕೆ ಮೊಬೈಲಿನಲ್ಲಿ ಫೋಟೋ ಬೇರೆ ತೆಗೆದರು. ಅದು ಮರುದಿನ ಎಲ್ಲರ ಮೊಬೈಲಿಗೂ ಬಂತು. ನಡುವೆ ಶಿವರಾಜು ಹಲ್ಲು ಬಿಟ್ಟುಕೊಂಡು ನಿಂತಿದ್ದಾನೆ. ಪಕ್ಕದಲ್ಲಿ ಚಕ್ಕೋತದ ಗೋಣಿಚೀಲ. ಚೀಲವನ್ನು ಎತ್ತಿ ಹಿಡಿದ ಕೈ ಮಂಟೇಲಿಂಗಯ್ಯನದು, ಮುಖ ಚೀಲದ ಹಿಂದೆ.

ಆ ಭಾನುವಾರವೇ ಬಂಡೂರಿನಿಂದ ಕರೆ ಬಂತು. ಮತ್ತೆ ಗುಡ್ಡೆ ಬಾಡು, ಇಬ್ಬರು ಅಳಿಯಂದಿರೂ ಒಟ್ಟಿಗೆ ಕೂತು ಉಣ್ಣಬೇಕು ಅಂತ ಮಾವನ ಆಜ್ಞೆ. ಶೋಭಿತಾ ಹಿಂದಿನ ದಿನವೇ ಬಸ್ಸಿಗೆ ಹೋಗಿದ್ದಳು. ಮಂಟೇಲಿಂಗಯ್ಯ ನನ್ನ ಬೈಕಿನ ಹಿಂದೆ ಕೂತು ಬಂದ. ದಾರಿಯುದ್ದಕ್ಕೂ ಒಂದೇ ಮಾತು: "ಇವತ್ತು ನನ್ ತಟ್ಟೆಗೆ ಬೀಳ್ನಿಲ್ಲ ಅಂದ್ರೆ ಇನ್ನು ಆ ಮನೆ ಒಸ್ಲು ತುಳಿಯಲ್ಲ ಕಣೋ." ಹಾಗಾಗಿ ಮುಂದಿನದ್ದು ನಾನು ಕಣ್ಣಾರೆ ಕಂಡದ್ದು.

ಸಾಲಾಗಿ ಕೂತೆವು. ಮುದ್ದೆ ಬಂತು. ಶಿವರಾಜುವಿನ ಪುಡಿ ಹಾಕಿದ ಸಾರು ಬೀದಿಗೇ ಪರಿಮಳ ಹೊಡೆಯುತ್ತಿತ್ತು. ಪಟ್ಟಲಮ್ಮ ಸೌಟಿನಲ್ಲಿ ನಲ್ಲಿ ಮೂಳೆ ಹಿಡಿದು ಬಂದು ಇಬ್ಬರ ತಟ್ಟೆಯ ನಡುವೆ ನಿಂತರು.

"ಅತ್ತೆ, ಅಣ್ಣಂಗೆ ಬುಡಿ" ಅಂದ ಶಿವರಾಜು.

ಮಂಟೇಲಿಂಗಯ್ಯನ ಗಂಟಲಲ್ಲಿ ಗುಟುಕು ನೀರು ಇಳಿದದ್ದು ನನಗೆ ಕೇಳಿಸಿತು. ಬೇಕು, ಪ್ರಾಣ ಹೋಗುವಷ್ಟು ಬೇಕು. ಆದರೆ ಶಿವರಾಜು ಬಿಟ್ಟುಕೊಟ್ಟ ಮೂಳೆ! ನಾಲಿಗೆ ತಾನಾಗಿ ಹೊರಳಿತು. "ಬ್ಯಾಡ ಅತ್ತೆ, ಶಿವ್ರಾಜಂಗೇ ಬುಡಿ. ನಾನೇನು ಮೂಳೆ ಕಾಣ್ದೋನಾ?"

"ಇಲ್ಲ ಅಣ್ಣ, ನೀವು ದೊಡ್ಡೋರು."

"ನೀನು ಪೇಪರ್ನಲ್ಲಿ ಬಂದಿರೋನು ಕಣಪ್ಪ."

"ಸಿಪ್ಪೆ ನಿಮ್ದಲ್ವಾ ಅಣ್ಣ."

"ಪುಡಿ ನಿಂದಲ್ವಾ."

ಬಾಯಿ ಬೇಡ ಅನ್ನುತ್ತಿತ್ತು, ಇಬ್ಬರ ಕಣ್ಣೂ ಸೌಟಿನ ಮೇಲೆಯೇ ಇತ್ತು. ಮಾವ ಒಮ್ಮೆ ಕೆಮ್ಮಿದರು. "ಇಬ್ರೂ ಒಲ್ಲೆ ಅಂದ್ಮೇಲೆ ಬಲವಂತ ಯಾಕೆ?" ಅನ್ನುತ್ತ ತಮ್ಮ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರು.

ಪಟ್ಟಲಮ್ಮ ಮೂರು ತಟ್ಟೆಯನ್ನೂ ನೋಡಿದರು. ಸೌಟಿನಿಂದ ಸಾರು ತೊಟ್ಟಿಕ್ಕಿತು. ಆಮೇಲೆ ಅಲ್ಲೇ ನಮ್ಮೆದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. ಒಂದು ತಟ್ಟೆ ಎಳೆದುಕೊಂಡರು. ಟಣ್.

"ಈ ಮನೆಗೆ ಬಂದಾಗಿಂದ ಬೇಯ್ಸಿ ಇಕ್ಕಿವ್ನಿ. ಮೊದ್ಲು ನಮ್ ಮಾವಂಗೆ, ಆಮೇಲೆ ನಿಮ್ಗೆ, ಆಮೇಲೆ ಅಳಿಯಂದ್ರಿಗೆ. ಇದ್ರೊಳ್ಗೆ ಅಂಥಾದ್ದು ಏನದೆ ಅಂತ ನಾನೂ ಒಂದ್ಸಲ ನೋಡ್ತೀನಿ" ಅಂದರು.

ಮೂಳೆಯನ್ನು ತಟ್ಟೆಗೆ ಬಡಿದರು, ಟಕ್, ಟಕ್. ಬಾಯಿಗಿಟ್ಟರು. ಸುರ್ರ್ ಅಂತ ಎಳೆದರು. ಕಣ್ಣು ಮುಚ್ಚಿದರು. ಮತ್ತೊಮ್ಮೆ ಎಳೆದರು.

ಅಡಿಗೆಮನೆ ಬಾಗಿಲಲ್ಲಿ ಶೋಭಿತಾ, ಪ್ರಿಯಾಂಕ ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತಿದ್ದರು. ಇತ್ತ ಮಂಟೇಲಿಂಗಯ್ಯನೂ ಶಿವರಾಜುವೂ ಭುಜಕ್ಕೆ ಭುಜ ತಾಗಿಸಿ ಕೂತು, ಬಾಯಿ ತೆರೆದು, ಒಂದೇ ಕಡೆ ನೋಡುತ್ತಿದ್ದರು. ಷಡ್ಡಕರಾದಾಗಿನಿಂದ ಇಬ್ಬರ ಹೊಟ್ಟೆಯೂ ಒಟ್ಟಿಗೆ ಉರಿದದ್ದು ಅದೇ ಮೊದಲು. ಮಂಟೇಲಿಂಗಯ್ಯ ತನಗೇ ತಿಳಿಯದಂತೆ ಶಿವರಾಜುವಿನ ತೊಡೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಮಾವನಿಗೆ ತಡೆಯಲಾಗಲಿಲ್ಲ. "ಎಂಗದಮ್ಮೀ?" ಅಂದರು, ದನಿ ಸಣ್ಣದು ಮಾಡಿಕೊಂಡು. "ಒಸಿ ಉಳಿದದಾ?"

ಪಟ್ಟಲಮ್ಮ ಮೂಳೆಯನ್ನು ಇನ್ನೊಮ್ಮೆ ಬಡಿದು, ಒಳಗೆ ಏನೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗಿನಲ್ಲಿ ಬಾಯೊರೆಸಿ, ಗೋಡೆಯ ಮೇಲಿನ ಬುದ್ಧನ ಪಟದ ಕಡೆ ಗದ್ದ ಎತ್ತಿದರು.

"ಆಸೆಯೇ ದುಃಖಕ್ಕೆ ಮೂಲ ಅಂತ ದಿನಾ ಏಳೋರು ನೀವಲ್ವಾ? ಮುದ್ದೆ ಆರೋಯ್ತದೆ, ಉಣ್ಣಿ."